ಮಾತು ಹಿಡಿಯದ ಎಳೆ

ನಮ್ಮೂರಿನಲ್ಲಿ ಜಗಳಕ್ಕೆ ನಿಲ್ಲುವ ಮೊದಲು ಹೆಂಗಸರು ಒಳಗೆ ಹೋಗಿ ನೈಲಾನ್ ಸೀರೆ ಉಟ್ಟು ಬರುತ್ತಾರೆ. ಗಂಡಸರು ಹೆಗಲ ಮೇಲಿನ ಟವೆಲನ್ನು ನಾಲ್ಕು ಮನೆ ಆಚೆ ಇಟ್ಟು ಬರುತ್ತಾರೆ. ಹತ್ತಿ, ರೇಷ್ಮೆ, ಉಣ್ಣೆ ಯಾವುದೇ ಇರಲಿ, ಹತ್ತಿರ ಆಡಿದ ಮಾತನ್ನು ಹಿಡಿದಿಟ್ಟುಕೊಂಡು, ಕೊಡವಿದಾಗ ಉದುರಿಸಿಬಿಡುತ್ತದೆ. ಹೆಚ್ಚು ಸಲ ಆಡಿದ ಮಾತು ಮೊದಲು ಉದುರುತ್ತದೆ. ಸೋಪು ಹಚ್ಚಿ ತೊಳೆದರೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಗಾಳಿ ಬೀಸುವ ದಿನ ಯಾರ ಮನೆಯಲ್ಲಿ ಸೋಪು ಉಳಿಸಿದ್ದಾರೆ ಎಂದು ಇಡೀ ಓಣಿಗೆ ಗೊತ್ತಾಗುತ್ತದೆ. ಹೆಣ್ಣು ನೋಡಲು ಬಂದವರು ಪಾಲಿಯೆಸ್ಟರ್ ಅಂಗಿ ಹಾಕಿಕೊಂಡಿದ್ದರೆ ಹೆಣ್ಣಿನ ಅಪ್ಪ ಹೊಸ್ತಿಲು ದಾಟಲು ಬಿಡುವುದಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಕೈಗೆ ಹತ್ತಿಯ ಕರವಸ್ತ್ರ ಕೊಡುತ್ತಾರೆ. ಬೇರೆ ಊರಿನವರು ಇದನ್ನು ಕೇಳಿ ಬಾಯಿ ತೆರೆದುಕೊಂಡು ಕೂರುತ್ತಾರೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ನನ್ನ ಹೆಸರು ಮಾಲನಬಿ. ಪೇಟೆಯ ಕೊನೆಯಲ್ಲಿ ಸ್ಪೀಕರ್, ಹಾರ್ಮೋನಿಯಂ, ತಂಬೂರಿ ರಿಪೇರಿ ಅಂಗಡಿ ನನ್ನದು. ಅಪ್ಪ ಇಮಾಮಸಾಬ್ ಕಟ್ಟಿದ ಅಂಗಡಿ, ಹಿಂಬದಿಗೇ ಮನೆ. ಅವರ ಕಾಲದಲ್ಲಿ ಸ್ಪೀಕರಿನ ಮುಂದೆ ಹತ್ತಿ ಬಟ್ಟೆಯನ್ನೇ ಬಿಗಿಯುತ್ತಿದ್ದರಂತೆ. ಒಂದು ಮದುವೆಯಲ್ಲಿ ಶಹನಾಯಿ ರೆಕಾರ್ಡ್ ಹಚ್ಚಿದ ಕೂಡಲೇ ಬಟ್ಟೆ ಅದುರಿ, ಹಿಂದಿನ ಮದುವೆಯಲ್ಲಿ ಯಾರೋ ಅತ್ತೆ ಆಡಿದ್ದ ಚಾಡಿ ಮಾತು ಚಪ್ಪರದ ತುಂಬ ಕೇಳಿಸಿತಂತೆ. ಅವತ್ತು ಊಟ ಎಲೆಯಲ್ಲೇ ಉಳಿಯಿತು. ಮರುವಾರ ಅಪ್ಪ ಪಾಲಿಯೆಸ್ಟರ್ ಬಟ್ಟೆ ತರಿಸಿ ಊರಿನ ಸ್ಪೀಕರುಗಳಿಗೆಲ್ಲ ಹೊಸ ಮುಖ ಕಟ್ಟಿದರು. ಡಬ್ಬದ ಒಳಗೆ ತುಂಬಿದ್ದ ಅರಳೆಯನ್ನು ಕಿತ್ತು, ದಿಂಬಿಗೆ ತುಂಬುವ ಬಿಳಿ ಪಾಲಿಯೆಸ್ಟರ್ ನಾರು ತುಂಬಿದರು. ಹಾರ್ಮೋನಿಯಂ ತಿದಿಯ ಬಟ್ಟೆಯನ್ನೂ ಬದಲಿಸಿದರು. ಈಗ ನನ್ನ ಅಂಗಡಿಯಲ್ಲಿ ಮೈಮೇಲಿನ ಸೀರೆ ಬಿಟ್ಟರೆ ಹತ್ತಿ ಎನ್ನುವುದು ಒಂದು ಚೂರೂ ಇಲ್ಲ. ಗಿರಾಕಿಗಳು ಬಂದು ನೆಮ್ಮದಿಯಾಗಿ ಬೈದು ಹೋಗುತ್ತಾರೆ.

ತಂಬೂರಿಯನ್ನು ಮಾತ್ರ ಅಪ್ಪ ಮುಟ್ಟಲಿಲ್ಲ. ತಂಬೂರಿಯ ತಂತಿಗೂ ಅದನ್ನು ಹೊತ್ತ ಕುದುರೆ ಎನ್ನುವ ಪಟ್ಟಿಗೂ ನಡುವೆ ಒಂದೊಂದು ಸಣ್ಣ ಎಳೆ ಸಿಗಿಸಿರುತ್ತಾರೆ. ಅದಕ್ಕೆ ಜೀವಾಳ ಎನ್ನುತ್ತೇವೆ. ಅದು ಸರಿಯಾದ ಜಾಗದಲ್ಲಿ ಕೂತರೆ ತಂತಿ ತುಂಬಿ ಮೊಳಗುತ್ತದೆ, ಇಲ್ಲದಿದ್ದರೆ ತಗಡು ಬಡಿದ ಹಾಗಿರುತ್ತದೆ. ನಮ್ಮೂರಿನ ಪದ್ಧತಿ ಏನೆಂದರೆ, ಶಿಷ್ಯರನ್ನು ಸ್ವೀಕರಿಸುವ ದಿನ ಗುರು ತಾನು ಉಟ್ಟ ಧೋತರದ ಅಂಚಿನಿಂದ ನೂಲು ಎಳೆದು ಅವರ ತಂಬೂರಿಗೆ ಜೀವಾಳ ಹಾಕುತ್ತಾನೆ. ಆಮೇಲೆ ಆ ಎಳೆಯನ್ನು ಯಾರೂ ತೆಗೆಯುವಂತಿಲ್ಲ, ತೊಳೆಯುವಂತಿಲ್ಲ. ಗುರು ಎದುರು ಕೂತು ಹೇಳಿದ್ದೆಲ್ಲ ಅದರಲ್ಲಿ ಇಳಿಯುತ್ತದೆ. ಗುರು ಸತ್ತ ಮೇಲೂ ತಂತಿ ಮೀಟಿದರೆ ಷಡ್ಜದ ಜೊತೆಗೆ ಅವನ ಮಾತು ಗುಂಯ್‌ಗುಡುತ್ತದೆ. ಇದನ್ನು ಊರಿನವರು ಗುರುವಿನ ಅಪ್ಪಣೆ ಎನ್ನುತ್ತಾರೆ. ಹತ್ತಿ ಸುಳ್ಳು ಹೇಳುವುದಿಲ್ಲವಲ್ಲ, ಅದಕ್ಕೇ ಅಷ್ಟು ನಂಬಿಕೆ.

ದತ್ತೂಬುವಾ ನಮ್ಮೂರಿನ ದೊಡ್ಡ ಗವಾಯಿ. ಅವರು ತೀರಿಕೊಂಡು ಏಳು ವರ್ಷವಾಗುತ್ತ ಬಂದಿತ್ತು. ಅವರಿಗೆ ಕೊನೆತನಕ ಉಳಿದ ಶಿಷ್ಯರು ಇಬ್ಬರೇ. ಹಿರಿಯರು ಮಲ್ಹಾರರಾಯರು, ಅರವತ್ತೆಂಟು ವರ್ಷ, ಬೆಳ್ಳಗೆ ಎತ್ತರಕ್ಕೆ ಇದ್ದಾರೆ, ನಡೆಯುವಾಗಲೂ ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ ಎನ್ನುವಂತೆ ನಡೆಯುತ್ತಾರೆ. ಅವರ ತಂಬೂರಿ ಮೀಟಿದರೆ ದತ್ತೂಬುವಾನ ದನಿ "ಭಲೇ, ಭಲೇ" ಎನ್ನುತ್ತದೆ. ಇನ್ನೊಬ್ಬರು ಚಂಪಕ್ಕ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸ, ಐವತ್ತೆರಡು ವರ್ಷ, ಮದುವೆಯಾಗಲಿಲ್ಲ. ಹದಿನೇಳು ವರ್ಷ ದಿನಾ ಸಂಜೆ ಗುರುವಿನ ಮನೆಗೆ ಹೋಗಿ ಕಲಿತವರು. ಅವರ ತಂಬೂರಿ ಮೀಟಿದರೆ ಅದೇ ದನಿ "ಸಾಕು, ನಿಲ್ಲಸು" ಎನ್ನುತ್ತದೆ.

ಪ್ರತಿ ವರ್ಷ ಗುರುವಿನ ಪುಣ್ಯತಿಥಿಯ ದಿನ ಶಾಲೆಯ ಸಭಾಂಗಣದಲ್ಲಿ ಇಬ್ಬರೂ ಹಾಡಬೇಕು. ಮೈಕು ಸ್ಪೀಕರು ನನ್ನವೇ, ಹಾಗಾಗಿ ಈವರೆಗಿನ ಆರೂ ವರ್ಷ ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಚಂಪಕ್ಕ ವೇದಿಕೆಗೆ ಬರುತ್ತಾರೆ. ಕೂರುತ್ತಾರೆ. ತಂಬೂರಿ ಮೀಟುತ್ತಾರೆ. "ಸಾಕು, ನಿಲ್ಲಸು." ಕಣ್ಣು ಮುಚ್ಚಿ ಒಂದು ಆಲಾಪ ಎತ್ತುತ್ತಾರೆ. "ಸಾಕು, ನಿಲ್ಲಸು." ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಐದನೆಯ ಸಲವೋ ಆರನೆಯ ಸಲವೋ ಅಂದ ಮೇಲೆ ಚಂಪಕ್ಕ ತಂಬೂರಿಗೆ ಕೈಮುಗಿದು ಎದ್ದು ಹೋಗುತ್ತಾರೆ. ಯಾರೂ ನಗುವುದಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ. ಅಯ್ಯೋ ಪಾಪ ಎನ್ನುವ ಮುಖ ಮಾಡಿಕೊಂಡು, ಗುರುವಿಗೇ ಒಪ್ಪಿಗೆ ಇಲ್ಲದ ಮೇಲೆ ಏನು ಮಾಡುವುದು ಎಂದು ಪಿಸುಗುಡುತ್ತಾರೆ. ಅಷ್ಟರಲ್ಲಿ ಮಲ್ಹಾರರಾಯರು ಬಂದು ಕೂತು ಭಲೇ ಭಲೇ ಅನ್ನಿಸಿಕೊಂಡು ಎರಡು ತಾಸು ಹಾಡುತ್ತಾರೆ.

ಈ ವರ್ಷ ಪುಣ್ಯತಿಥಿಗೆ ನಾಲ್ಕು ದಿನ ಇರುವಾಗ ಚಂಪಕ್ಕ ತಂಬೂರಿ ಹೊತ್ತುಕೊಂಡು ನನ್ನ ಅಂಗಡಿಗೆ ಬಂದರು. ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಹತ್ತಿ ಗವಸಿನಲ್ಲಿ ತಂದರೆ ದಾರಿಯುದ್ದಕ್ಕೂ ಗವಸೂ ಬೈಯುತ್ತದೆ. ಬಾಗಿಲು ಅರ್ಧ ಮುಂದೆ ಮಾಡಿ, ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡದೆ ಕೇಳಿದರು.

"ಮಾಲನಬಿ, ಇದರ ಜೀವಾಳ ತಗದು ಬ್ಯಾರೆ ಹಾಕ್ತೀಯೇನು? ಮಾತು ಹಿಡೀಲಾರದ್ದು."

ಗುರುವಿನ ಎಳೆ ತೆಗೆದವರನ್ನು ನಮ್ಮೂರಿನಲ್ಲಿ ನಾನು ಕಂಡಿಲ್ಲ, ತೆಗೆದುಕೊಟ್ಟವರನ್ನೂ ಕಂಡಿಲ್ಲ. ನಾಳೆ ಗೊತ್ತಾದರೆ ತಂಬೂರಿ ಹಾಗಿರಲಿ, ಟೇಪ್ ರೆಕಾರ್ಡರನ್ನೂ ಯಾರೂ ನನ್ನ ಕೈಗೆ ಕೊಡಲಿಕ್ಕಿಲ್ಲ. ಸೋಪು ಹಚ್ಚಿ ತೊಳೆದುಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಚಂಪಕ್ಕ ಬೇಡ ಎಂದು ತಲೆಯಾಡಿಸಿದರು.

"ಅವರ ಮಾತು ಬಚ್ಚಲದಾಗ ಹರದು ಹೋಗೂದು ನನಗ ನೋಡಾಕ ಆಗೂದಿಲ್ಲ. ಹಂಗಂತ ಕೇಳಾಕೂ ಆಗವಲ್ದು. ಈ ಸಲ ಒಂದ ತಾಸು ಪೂರ್ತಿ ಹಾಡಬೇಕು ಮಾಲನಬಿ. ಈ ಸಲನೂ ಎದ್ದು ಬಂದೆ ಅಂದ್ರ ಇನ್ನ ಬಾಯಿ ತಗಿಯೂದಿಲ್ಲ."

ಇದನ್ನು ಅವರು ಅಳುತ್ತಾ ಹೇಳಿದ್ದರೆ ನಾನು ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದೆನೋ ಏನೋ. ಅಂಚೆ ಕಚೇರಿಯಲ್ಲಿ ನಾಳೆ ಬನ್ನಿ ಎಂದು ಹೇಳುವ ದನಿಯಲ್ಲಿ ಹೇಳಿದರು. ಇವರು ನಿಜಕ್ಕೂ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಹೆದರಿಕೆಯಾಯಿತು. ತಂಬೂರಿ ಇಟ್ಟು ಹೋಗಿರಿ ಎಂದೆ.

ಅವರು ಹೋದ ಮೇಲೆ ತಂತಿಗಳನ್ನು ಸಡಿಲ ಮಾಡಿ, ಚಿಮಟದಿಂದ ನಾಲ್ಕೂ ಎಳೆಗಳನ್ನು ಹುಷಾರಾಗಿ ತೆಗೆದೆ. ಅಂಗುಲದಷ್ಟೂ ಉದ್ದವಿಲ್ಲ, ಎಣ್ಣೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದವು. ಸುಮ್ಮನೆ ಒಂದು ಶೀಶೆಗೆ ಹಾಕಿಡಬೇಕಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ. ಒಂದೊಂದನ್ನೇ ಎರಡು ಚಿಮಟದ ನಡುವೆ ಬಿಗಿದು, ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಮೀಟಿದೆ. ನನ್ನ ಆಸೆ ಇಷ್ಟೇ: ಹೆಚ್ಚು ಸಲ ಆಡಿದ್ದು ಮೊದಲು ಉದುರುತ್ತದೆ, ಸರಿ. ಅದರ ಕೆಳಗೆ, ಅಪರೂಪಕ್ಕೆ ಆಡಿದ್ದು ಏನಾದರೂ ಇರಬೇಕಲ್ಲ. ಹದಿನೇಳು ವರ್ಷದಲ್ಲಿ ಒಂದೇ ಒಂದು ಒಳ್ಳೆಯ ಮಾತು ಸಿಕ್ಕಿದ್ದರೆ ಅಂಚೆ ಕಚೇರಿಗೆ ಓಡಿಹೋಗಿ ಹೇಳುತ್ತಿದ್ದೆ.

ಮಧ್ಯಾಹ್ನದ ಊಟ ಬಿಟ್ಟು ಕೇಳಿದೆ. ಸಾಕು ನಿಲ್ಲಸು ಎನ್ನುವುದು ನಲವತ್ತು ಸಲ ಉದುರಿದ ಮೇಲೆ "ಚಹಾ ತಣ್ಣಗಾಗೇದ" ಎಂದು ಬಂತು. ಆಮೇಲೆ "ಕಿಡಕಿ ಹಾಕು." ಆಮೇಲೆ "ನಾಳೆ ಬರಬ್ಯಾಡ, ಬೀಗರು ಬರ್ತಾರ." ಮತ್ತೆ ಸಾಕು ನಿಲ್ಲಸು. ಬೆರಳು ನೋಯುವ ತನಕ ಮೀಟಿದೆ. ಒಳ್ಳೆಯದು ಎನ್ನುವ ಒಂದು ಅಕ್ಷರವೂ ಸಿಗಲಿಲ್ಲ. ಸತ್ತವರ ಮೇಲೆ ನನಗೆ ಸಿಟ್ಟು ಬರುವುದು ಕಡಿಮೆ, ಅವತ್ತು ಬಂತು. ಎಳೆಗಳನ್ನು ಕಿವಿಗೆ ಹಾಕುವ ಔಷಧದ ಖಾಲಿ ಶೀಶೆಯೊಳಗೆ ಹಾಕಿ ಬಿರಡೆ ಒತ್ತಿದೆ.

ಕೆಲಸ ಅಂದುಕೊಂಡಷ್ಟು ಸುಲಭ ಇರಲಿಲ್ಲ. ಮೊದಲು ಮೀನು ಹಿಡಿಯುವ ನೈಲಾನ್ ದಾರ ಹಾಕಿ ನೋಡಿದೆ. ನುಣುಪಾಗಿ ಜಾರಿ ಜಾರಿ ಕುದುರೆಯಿಂದ ಕೆಳಗೇ ಬೀಳುತ್ತಿತ್ತು. ನಿಂತ ಕ್ಷಣದಲ್ಲಿ ಬಂದ ನಾದ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗಿತ್ತು. ಬ್ಯಾಡ್ಮಿಂಟನ್ ಬ್ಯಾಟಿನ ದಾರ ದಪ್ಪವಾಗಿ ತಂತಿಯ ಕತ್ತು ಹಿಸುಕಿತು. ಹೊಲಿಗೆಯ ಪಾಲಿಯೆಸ್ಟರ್ ನೂಲು ಪರವಾಗಿಲ್ಲ ಅನ್ನಿಸಿತು, ಆದರೆ ಅರ್ಧ ತಾಸಿಗೆ ತಂತಿಯ ಒತ್ತಡಕ್ಕೆ ಚಪ್ಪಟೆಯಾಗಿ ನಾದ ಇಳಿದುಹೋಯಿತು. ಎರಡು ದಿನ ಹೀಗೇ ಹೋಯಿತು. ಮೂರನೆಯ ದಿನ ಹಿತ್ತಲಲ್ಲಿ ಬಟ್ಟೆ ತೆಗೆಯಲು ಹೋದಾಗ, ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ತುದಿ ಬಿಚ್ಚಿ ಜೊಂಪೆಯಾಗಿ ನಿಂತಿದ್ದು ಕಂಡಿತು. ಬಿಸಿಲಿಗೆ ಹಳತಾದ ಹಗ್ಗ. ಅದರ ನವಿರು ನಾರುಗಳಲ್ಲಿ ಹೊಸದರ ನುಣುಪು ಇರಲಿಲ್ಲ. ಎಂಟು ಹತ್ತು ನಾರು ಬಿಡಿಸಿ, ತೊಡೆಯ ಮೇಲೆ ಹೊಸೆದು, ಸ್ವಲ್ಪ ಮೇಣ ಸವರಿ ಕುದುರೆಯ ಮೇಲೆ ಸಿಗಿಸಿದೆ. ಹಿಂದಕ್ಕೆ ಮುಂದಕ್ಕೆ ಕೂದಲೆಳೆಯಷ್ಟು ಸರಿಸುತ್ತ ಮೀಟಿದೆ. ಒಂದು ಕಡೆ ತಂತಿ ಥಟ್ಟನೆ ಬಾಯಿ ಬಿಟ್ಟಿತು. ಮನೆ ತುಂಬಿತು.

ನಂಬಿಕೆ ಸಾಲದೆ ಪರೀಕ್ಷೆಯನ್ನೂ ಮಾಡಿದೆ. ತಂಬೂರಿಯ ಎದುರು ಕೂತು ಬಾಯಿಗೆ ಬಂದದ್ದೆಲ್ಲ ಬೈದೆ. ನನ್ನ ಮಾವನ ಮನೆಯವರನ್ನು, ಕರೆಂಟಿನವರನ್ನು, ಸ್ಪೀಕರ್ ಒಯ್ದು ಒಡೆದು ತಂದುಕೊಡುವ ಗಣಪತಿ ಮಂಡಳಿಯವರನ್ನು, ಕೊನೆಗೆ ದತ್ತೂಬುವಾನನ್ನೂ. ಬೈದು ಸುಸ್ತಾಗಿ ತಂತಿ ಮೀಟಿದರೆ ಬರೀ ಷಡ್ಜ. ನನ್ನ ಸೀರೆಯನ್ನು ಮಾತ್ರ ಅವತ್ತು ಎರಡು ಸಲ ಸೋಪು ಹಚ್ಚಿ ಒಗೆಯಬೇಕಾಯಿತು.

ಚಂಪಕ್ಕ ಸಂಜೆ ಬಂದರು. ತಂಬೂರಿಯನ್ನು ಮಡಿಲಿಗೆ ಒರಗಿಸಿಕೊಂಡು ಒಂದು ಸಲ ಮೀಟಿ, ಹೆಗಲು ಬಿಗಿ ಹಿಡಿದು ಕಾದರು. ಅದು ಅಭ್ಯಾಸವಾಗಿಹೋಗಿತ್ತು. ಏನೂ ಬರಲಿಲ್ಲ. ಇನ್ನೊಂದು ಸಲ ಮೀಟಿದರು. ನಾಲ್ಕೂ ತಂತಿ ಒಂದರ ಹಿಂದೆ ಒಂದು ಸುತ್ತು ಬಂದವು, ಮತ್ತೆ ಬಂದವು. ಹತ್ತು ನಿಮಿಷವಾದರೂ ಹಾಡಲಿಲ್ಲ, ಸುಮ್ಮನೆ ಮೀಟುತ್ತಲೇ ಇದ್ದರು. ಬಿಗಿ ಹಿಡಿದ ಹೆಗಲು ನಿಧಾನಕ್ಕೆ ಇಳಿಯಿತು. "ಸುಮ್ಮನೈತಿ" ಎಂದರು. ಬಾಗಿಲ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ನಾನು ಶೀಶೆ ಕೊಟ್ಟೆ. ಅದರಲ್ಲಿ ಒಳ್ಳೆಯ ಮಾತು ಹುಡುಕಿದ್ದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ, ಆದರೆ ಶೀಶೆಯನ್ನು ಚೀಲಕ್ಕೆ ಹಾಕುವಾಗ ನನ್ನನ್ನು ನೋಡಿದ ರೀತಿಯಿಂದ ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸಿತು.

ಪುಣ್ಯತಿಥಿಯ ದಿನ ನಾಲ್ಕು ಗಂಟೆಗೆ ಸಭಾಂಗಣ ತುಂಬಿತು. ಕಾರ್ಯಕ್ರಮದ ದಿನ ಅಲ್ಲಿ ಪ್ಲಾಸ್ಟಿಕ್ ಚಾಪೆ, ಪಾಲಿಯೆಸ್ಟರ್ ಪರದೆ. ಶಾಲು ಹೊದ್ದವರು ಹೊರಗೆ ಬಿಟ್ಟು ಬರಬೇಕು. ನಾನು ಮೈಕು ಸರಿಮಾಡುವ ನೆಪದಲ್ಲಿ ವೇದಿಕೆಯ ಪಕ್ಕದಲ್ಲೇ ನಿಂತೆ. ನನಗೆ ಎರಡು ಹೆದರಿಕೆ. ಹಗ್ಗದ ನಾರು ಎಲ್ಲಿ ಜಾರಿಬಿಡುತ್ತದೋ ಎನ್ನುವುದು ಒಂದು, ಯಾರಾದರೂ ಕಂಡುಹಿಡಿದುಬಿಟ್ಟರೆ ಎನ್ನುವುದು ಇನ್ನೊಂದು. ಮಲ್ಹಾರರಾಯರು ಮುಂದಿನ ಸಾಲಿನಲ್ಲಿ ತಮ್ಮ ತಂಬೂರಿ ಪಕ್ಕಕ್ಕಿಟ್ಟುಕೊಂಡು, ಹತ್ತು ನಿಮಿಷಕ್ಕೆ ತಮ್ಮ ಸರದಿ ಬರುತ್ತದೆ ಎಂದು ತಯಾರಾಗಿ ಕೂತಿದ್ದರು.

ಚಂಪಕ್ಕ ಕೂತರು, ಮೀಟಿದರು. ಸಭೆ ಗುರುವಿನ ಮಾತಿಗೆ ಕಾದಿತು. ಷಡ್ಜ ಸುತ್ತು ಬಂದು ನಿಂತಿತು, ಅಷ್ಟೇ. ಹಿಂದಿನ ಸಾಲಿನಲ್ಲಿ ಒಬ್ಬರು ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದರು. ಚಂಪಕ್ಕ ಮುಲ್ತಾನಿ ರಾಗದ ಆಲಾಪ ತೆಗೆದರು. ಮೊದಮೊದಲು ಪ್ರತಿ ಸ್ವರ ಮುಗಿದ ಮೇಲೂ ಚೂರು ತಡೆದು, ಬೈಗುಳಕ್ಕೆ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು. ಪಾಪ, ಅದನ್ನೂ ಹದಿನೇಳು ವರ್ಷದಲ್ಲಿ ಕಲಿತಿದ್ದರು. ಕಾಲು ತಾಸಾದ ಮೇಲೆ ಆ ತಡೆ ಹೋಯಿತು. ಮಂದ್ರದಲ್ಲಿ ಒಂದು ನಿಷಾದದ ಮೇಲೆ ಎಷ್ಟು ಹೊತ್ತು ನಿಂತರೆಂದರೆ ನಾನು ಮೈಕಿನ ತಿರುಗಣೆಯ ಮೇಲಿದ್ದ ಕೈ ತೆಗೆಯುವುದನ್ನೇ ಮರೆತೆ. ಎಲ್ಲೋ ಎರಡು ಕಡೆ ದನಿ ಒಡೆಯಿತು. ಒಡೆದ ಕಡೆಯೇ ಇನ್ನೊಂದು ಸಲ ಹೋಗಿ ಸರಿಮಾಡಿಕೊಂಡು ಬಂದರು. ಈ ಹೆಂಗಸಿನ ಗಂಟಲಲ್ಲಿ ಇದೆಲ್ಲ ಇತ್ತೇ ಎಂದು ನನಗೆ ಸಂಕಟವಾಯಿತು, ಸಂತೋಷವೂ ಆಯಿತು. ತಾಸಿನ ಮೇಲೆ ಹತ್ತು ನಿಮಿಷವಾದಾಗ ತಂಬೂರಿ ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ.

ಮಲ್ಹಾರರಾಯರು ಎದ್ದು ಮೈಕಿಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಆರು ವರ್ಷ ಬೈದ ಗುರುಗಳು ಇವತ್ತು ಬಾಯಿ ಬಿಡಲಿಲ್ಲ, ಇದಕ್ಕಿಂತ ದೊಡ್ಡ ಅಪ್ಪಣೆ ಇನ್ನೊಂದಿಲ್ಲ, ಗುರುಗಳು ಚಂಪಾಳನ್ನು ಒಪ್ಪಿಕೊಂಡರು ಎಂದರು. ಇಡೀ ಸಭೆ ಹೌದು ಹೌದು ಎಂದು ಕೈಮುಗಿಯಿತು. ಹಿರಿಯರೊಬ್ಬರು ಗುರುವಿನ ಫೋಟೋಕ್ಕೆ ಇನ್ನೊಂದು ಹಾರ ಹಾಕಲು ಎದ್ದರು. ನನಗೆ ಹೋದ ಜೀವ ಬಂದ ಹಾಗಾಯಿತು. ಇದಕ್ಕಿಂತ ಚೆನ್ನಾಗಿ ಮುಗಿಯುವುದು ಸಾಧ್ಯವೇ ಇರಲಿಲ್ಲ. ಚಂಪಕ್ಕ, ನಮಸ್ಕಾರ ಮಾಡಿ ಕೆಳಗಿಳಿಯಿರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವರು ಇಳಿಯಲಿಲ್ಲ. ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಗುರುಗಳು ಒಪ್ಪಿಕೊಂಡಿಲ್ಲ. ಅವರ ಎಳಿ ನಾ ತಗಸೀನಿ. ಇದರಾಗ ಇರೂದು ನೈಲಾನ್. ಇವತ್ತ ಹಾಡಿದ್ದು ನಾನು, ಚಲೋ ಆಗಿದ್ರ ನಂದು, ಕೆಟ್ಟಿದ್ರೂ ನಂದು."

ಹಾರ ಹಿಡಿದವರು ಅಲ್ಲೇ ನಿಂತರು. ಎಳೆ ತೆಗೆಸಿದ್ದು ಯಾರ ಹತ್ತಿರ ಎಂದು ಚಂಪಕ್ಕ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಊರಿನಲ್ಲಿ ಇರುವುದು ಒಂದೇ ಅಂಗಡಿ. ನೂರೈವತ್ತು ತಲೆಗಳು ನನ್ನ ಕಡೆ ತಿರುಗಿದವು. ನಾನು ಸ್ಪೀಕರಿನ ಹಿಂದೆ ಸರಿದೆ. ಆಗ ಹಾರ ಹಿಡಿದ ಹಿರಿಯರು, ಹಾಗಾದರೆ ದತ್ತೂಬುವಾ ಈಗ ಎಲ್ಲಿದ್ದಾರೆ ಎಂದು ನಿಜವಾದ ಆತಂಕದಿಂದ ಕೇಳಿದರು. ಚಂಪಕ್ಕ ಚೀಲದಿಂದ ಶೀಶೆ ತೆಗೆದು ತೋರಿಸಿದರು.

"ಇಲ್ಲೇ ಅದಾರ. ನಾಳೆಯಿಂದ ಮನ್ಯಾಗ ದೇವರ ಜಗಲಿ ಮ್ಯಾಲೆ ಇಡ್ತೀನಿ. ದಿನಾ ನಮಸ್ಕಾರ ಮಾಡ್ತೀನಿ. ಬಿರಡಿ ಮಾತ್ರ ತಗಿಯೂದಿಲ್ಲ."

ಮೊದಲು ನಕ್ಕವರು ಯಾರೋ ಒಬ್ಬ ಮುದುಕಿ. ಅವರ ಹಿಂದೆ ಹೆಂಗಸರ ಸಾಲು ನಕ್ಕಿತು, ಆಮೇಲೆ ಗಂಡಸರೂ ನಕ್ಕರು. ಆರು ವರ್ಷ ಅಯ್ಯೋ ಪಾಪ ಎಂದು ಮುಖ ಹಿಂಡಿಕೊಂಡು ಕೂತು ಅವರಿಗೂ ಸಾಕಾಗಿತ್ತು ಎಂದು ಆಗ ತಿಳಿಯಿತು. ಹಿಂದಿನಿಂದ ಒಬ್ಬರು, ಎಳೆ ಯಾವುದಾದರೂ ಇರಲಿ, ಇನ್ನೊಂದು ಹಾಡಿರಿ ಎಂದು ಕೂಗಿದರು. ಚಂಪಕ್ಕ ಮತ್ತೆ ಕೂತು ಒಂದು ಭಜನೆ ಹಾಡಿದರು. ನಾನು ಸ್ಪೀಕರಿನ ಹಿಂದಿನಿಂದ ಹೊರಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತೆ. ಮಲ್ಹಾರರಾಯರು ಮಾತ್ರ ನಗಲಿಲ್ಲ. ತಮ್ಮ ಸರದಿ ಬಂದಾಗ ಗಂಟಲು ಸರಿಯಿಲ್ಲ ಎಂದು ಹೇಳಿ ತಂಬೂರಿ ಎತ್ತಿಕೊಂಡು ಮನೆಗೆ ಹೋದರು. ಇವರು ನನ್ನ ಅಂಗಡಿಗೆ ಬೀಗ ಹಾಕಿಸದೆ ಬಿಡುವುದಿಲ್ಲ ಎಂದುಕೊಂಡೆ.

ಮರುದಿನ ಬೆಳಗ್ಗೆ ನಾನು ಅಂಗಡಿಯ ಕದ ತೆಗೆಯುವಾಗ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ತಂಬೂರಿ. ಬೈಗುಳಕ್ಕೆ ತಯಾರಾಗಿ ನಾನೇ ಮೊದಲು ಬಾಯಿ ತೆಗೆದು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದೆ. ಅವರು ತಂಬೂರಿಯನ್ನು ನನ್ನ ಕಡೆ ಸರಿಸಿದರು.

"ಇದಕ್ಕೂ ಹಾಕು. ಆರು ವರ್ಷ ಆತು, ನಾ ಚಲೋ ಹಾಡೀನೋ ಕೆಟ್ಟ ಹಾಡೀನೋ ಒಂದೂ ತಿಳೀವಲ್ದು. ಕೆಮ್ಮಿದರೂ ಭಲೇ ಅಂತದ."

ನಾನು ಹಿತ್ತಲಿಗೆ ಹೋಗಿ ಹಗ್ಗದ ತುದಿ ಕತ್ತರಿಸಿ ತಂದೆ. ಎಳೆ ತೆಗೆಯುವಾಗ ಚಿಮಟ ತಾಗಿ ಕೊನೆಯ ಸಲ ಭಲೇ ಎಂದಿತು. ರಾಯರು ಕಣ್ಣು ಮುಚ್ಚಿಕೊಂಡರು. ನಾಲ್ಕನ್ನೂ ಇನ್ನೊಂದು ಶೀಶೆಯಲ್ಲಿ ಹಾಕಿ ಅವರ ಜೇಬಿಗೆ ಇಳಿಸಿದೆ. ಹೊಸ ನಾರು ಹೊಸೆದು, ಸಿಗಿಸಿ, ಸರಿಸಿ, ನಾದ ತೆರೆದ ಮೇಲೆ ತಂಬೂರಿಯನ್ನು ಅವರ ಕೈಗಿತ್ತೆ. ಅಂಗಡಿಯ ನೆಲದ ಮೇಲೆಯೇ ಕೂತರು. ಮೀಟಿದರು. ಯಾರೂ ಹೊಗಳಲಿಲ್ಲ. ಅವರ ಮುಖದಲ್ಲಿ ಪರೀಕ್ಷೆಗೆ ಕೂತವರ ಹೆದರಿಕೆ ಕಂಡಿತು. ಬೆಳಗಿನ ತೋಡಿ ಎತ್ತಿಕೊಂಡರು, ಮೆಲ್ಲಗೆ, ಕಾಲಿಟ್ಟು ನೋಡಿ ಹೆಜ್ಜೆ ಹಾಕುವವರಂತೆ. ತಂತಿ ನಾಲ್ಕು ಸುತ್ತು ಬಂದ ಮೇಲೆ ಗಾಂಧಾರ ಒಂದು ಚೂರು ಮೇಲಕ್ಕೆ ಹೋಯಿತು, ಶ್ರುತಿ ತಪ್ಪಿತು. ನನ್ನಂಥವಳಿಗೂ ಗೊತ್ತಾಯಿತು, ಗೊತ್ತಾಗದವಳಂತೆ ತಲೆ ತಗ್ಗಿಸಿದೆ.

ರಾಯರು ಹಾಡು ನಿಲ್ಲಿಸಿದರು. ತಂತಿ ಇನ್ನೂ ಮೊಳಗುತ್ತಿತ್ತು. ನನ್ನ ಕಡೆ ತಿರುಗಿದಾಗ ಅವರ ಮುಖ ಅರಳಿತ್ತು.

"ಬೇಸೂರ ಆತು" ಎಂದರು. "ಕೇಳಿದೇನು ಮಾಲನಬಿ, ಬೇಸೂರ ಆತು."

ಹೌದ್ರೀ ರಾಯರ, ಆತು ಎಂದೆ. ಅವರು ತೊಡೆ ತಟ್ಟಿ ನಕ್ಕು, ಗಾಂಧಾರವನ್ನು ಕೆಳಗಿನಿಂದ ಇನ್ನೊಂದು ಸಲ ಹುಡುಕಲು ಕೂತರು.